ದತ್ತೂನ ಕಾರ್ಡಿನ ಮ್ಯಾಲ ಬನಮಾಲಿ

ಪಾಲಿಶ್ ಮಷಿನ್ನಿಗೆ ಏರಿಸುತ್ತಿದ್ದ ಫರಸಿಕಲ್ಲಿನ ಚಪ್ಪಡಿ ಜಾರಿ ಬನಮಾಲಿಯ ಪಾದದ ಮೇಲೆ ಬಿತ್ತು. ಅವನು ಒಡಿಶಾದಿಂದ ಶಹಾಬಾದಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಮೊದಲನೇ ದವಾಖಾನೆಯವರು ಅವನ ಸರ್ಕಾರಿ ಆರೋಗ್ಯ ಕಾರ್ಡನ್ನು ತಿರುವಿ ಮುರುವಿ ನೋಡಿ, "ಇದು ಈ ಕಡೀದಲ್ಲ, ನಡಿಯಂಗಿಲ್ಲ" ಅಂದರು. ಹೊತ್ತುಕೊಂಡು ಬಂದಿದ್ದ, ಜೊತೆಗೆ ಕೆಲಸ ಮಾಡುವ ದತ್ತುವಿಗೆ ಪಿತ್ತ ನೆತ್ತಿಗೇರಿತು. ಮನುಷ್ಯಾನ ಕಾಲು ಜಜ್ಜಿ ಹೋಗ್ಯಾದ, ಇವರಿಗೆ ಊರಿನ ಚಿಂತಿ!

ಎರಡನೇ ದವಾಖಾನೆಯ ಕೌಂಟರಿನಲ್ಲಿ ದತ್ತು ತನ್ನದೇ ಕಾರ್ಡು ಕೊಟ್ಟ. ಹಾಸಿಗೆ ಸಿಕ್ಕಿತು. ಕಲ್ಲಿನ ಧೂಳಿನಲ್ಲಿ ಎಲ್ಲರ ಮಾರಿಯೂ ಒಂದೇ, ಫೋಟೋ ಯಾರು ನೋಡಬೇಕು? ಕನ್ನಡ ಬಾರದವನು ಬಾಯಿ ತೆರೆದರೆ ಮಾತ್ರ ಕೆಟ್ಟೀತು. ತುಟಿ ಪಿಟಕ್ಕೆನ್ನಬಾರದೆಂದು ಬನಮಾಲಿಯಿಂದ ಆಣೆ ಹಾಕಿಸಿಕೊಂಡಿದ್ದ.

"ಭಾಳ ನೋಯಾಕತ್ತದೇನೋ ದತ್ತು?" ನರ್ಸ್ ಶಿವಕಾಂತಮ್ಮ ಕೇಳಿದಳು. ಬನಮಾಲಿ ಛಾವಣಿ ನೋಡಿದ.

"ಗಾಬರಿಗೆ ಮಾತು ನಿಂತಾವರಿ ಸಿಸ್ಟರ್. ನಾ ಅವನ ಅಣ್ಣ," ಅಂದ ದತ್ತು.

"ಕಲ್ಲು ಬಿದ್ದದ್ದು ಕಾಲಿಗೋ ನಾಲಿಗಿಗೋ?" ಅವಳು ದತ್ತುವಿನ ಹೆಸರಿನ ಹಳೇ ಕಾಗದ ತಿರುವಿದಳು. "ಹೋದ ವರ್ಷ ಪೆನಿಸಿಲಿನ್ ಕೊಟ್ಟೀವಿ, ಏನೂ ಆಗಿಲ್ಲ. ಛಲೋ ಆತು."

ಅವಳ ಕನ್ನಡದಲ್ಲಿ ಬನಮಾಲಿಗೆ ತಿಳಿದದ್ದು ಪೆನಿಸಿಲಿನ್ ಎಂಬ ಒಂದೇ ಶಬ್ದ. ದಡಬಡಿಸಿ ಎದ್ದು ಕೂತ. ಎರಡೂ ಕೈಯಿಂದ ತನ್ನ ಗಂಟಲು ಹಿಡಿದುಕೊಂಡು ತಲೆ ಅಲ್ಲಾಡಿಸಿದ. ಬಾಯಿ ಮಾತ್ರ ಹೊಲಿದಂತಿತ್ತು.

"ಇಷ್ಟು ದೊಡ್ಡ ಗಂಡಸು, ಸೂಜಿಗಿ ಹೆದರತೀ?" ನಗುತ್ತ ಅವಳು ತೋಳು ಹಿಡಿದಳು.

ದತ್ತುವಿಗೆ ಆಗ ಹೊಳೆಯಿತು. ಕಾಗದದಲ್ಲಿರುವುದು ತನ್ನ ಮೈ, ಸೂಜಿ ಹೋಗುವುದು ಇವನ ಮೈಗೆ.

"ನಿಂದ್ರರಿ! ಅವ ದತ್ತು ಅಲ್ರಿ, ದತ್ತು ನಾ!"

ಸೂಜಿ ಗಾಳಿಯಲ್ಲೇ ನಿಂತಿತು. ದತ್ತು ಬನಮಾಲಿಯ ಭುಜ ಅಲುಗಿಸಿ "ಬೋಲ್ ರೇ, ಬೋಲ್!" ಎಂದು ಚೀರಿದ. ಆಣೆ ಬಿಟ್ಟಿತೆಂದು ನಂಬಲು ಬನಮಾಲಿಗೆ ಹೊತ್ತು ಹಿಡಿಯಿತು. ಆಮೇಲೆ ಹರಕು ಹಿಂದಿಯಲ್ಲಿ ಹೇಳಿದ: ಊರಲ್ಲಿ ಇದೇ ಔಷಧಿಗೆ ಗಂಟಲು ಬಾತು, ಎರಡು ದಿನ ಹೆಣದಂತೆ ಬಿದ್ದಿದ್ದನಂತೆ.

ಶಿವಕಾಂತಮ್ಮ ಸೂಜಿಯನ್ನು ಟ್ರೇಗೆ ಒಗೆದಳು. "ಹಾಳಾದವನೆ, ನನ್ನ ಕೈಲೆ ಕೊಲ್ಲಸ್ತಿದ್ದೆಲ್ಲೋ!"

"ಖರೇ ಹೆಸರು ಹೇಳಿದ್ರ ಒಳಗ ಬಿಡತಿದ್ರೇನ್ರಿ?"

ಅವಳು ಕಾಗದ ಹತ್ತಿರ ಎಳೆದುಕೊಂಡಳು. ಪೆನ್ನು ತೆಗೆದಳು. "ಪೆನಿಸಿಲಿನ್ ಬ್ಯಾಡಂತ ಬರೀಬೇಕು. ನಿನ್ನ ಹೆಸರಿನ ಮ್ಯಾಲ ಬರದ್ರ ಅವನಿಗಿ ಉಪಯೋಗಿಲ್ಲ. ಅವನ ಹೆಸರು ಬರದ್ರ ಹಾಸಿಗಿ ಉಳ್ಯಂಗಿಲ್ಲ. ಹೇಳು, ಏನ ಬರೀಲಿ?"

"ಅವನ ಹೆಸರೇ ಬರೀರಿ. ಹಾಸಿಗಿ ಯಾರು ಕಸೀತಾರ, ನೋಡೇ ಬಿಡತೀನಿ."

ಬರೆದಳು. ಬೇರೆ ಔಷಧಿ ತರಲು ಬಿರಬಿರನೆ ಹೋದಳು. ಗದ್ದಲ ಕೇಳಿ ಕೌಂಟರಿನವನು ಎದ್ದು ಬರುವ ಚಪ್ಪಲಿಯ ಸದ್ದು ಕೇಳಿಸಿತು. ದತ್ತು ಬಾಗಿಲಿಗೆ ಎದುರಾಗಿ, ಮಂಚದ ಕಬ್ಬಿಣವನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು ನಿಂತ.