ಬಿಸಿಲಿಗೆ ಕೂತವನ ಸೊಂಟದ ಅಳತೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ತೆಗೆಯುವವನನ್ನು ಓಣಿಯವರೆಲ್ಲ ಎಕ್ಸ್‌ರೇ ಅಣ್ಣ ಅನ್ನುತ್ತಿದ್ದರು. ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತು ಅವನು ಇಡೀ ದಿನ ಹೇಳುತ್ತಿದ್ದುದು ಒಂದೇ ಮಾತು: "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ." ಬೆಳಿಗ್ಗೆ ಪ್ಯಾಂಟಿನ ಗುಂಡಿ ಹಾಕುವಾಗ ಅದನ್ನೇ ತನಗೆ ತಾನು ಹೇಳಿಕೊಂಡು, ಹೇಳಿದಂತೆ ಮಾಡುತ್ತಿದ್ದ. ಗುಂಡಿ ಕೂರುತ್ತಿತ್ತು. ಮದುವೆಯಾದಾಗಿನಿಂದ ಇಷ್ಟೇ ಬಿಗಿ, ಇಷ್ಟೇ ಕಷ್ಟ. ಹಾಗಾಗಿ ತಾನು ಒಂದು ಕೂದಲೆಳೆಯಷ್ಟೂ ದಪ್ಪಗಾಗಿಲ್ಲ ಅನ್ನುವುದು ಅವನ ನಂಬಿಕೆ. ಮನೆಯ ಕನ್ನಡಿಯಲ್ಲಿ ಮುಖವಷ್ಟೇ ಕಾಣುತ್ತಿತ್ತು. ಆಸ್ಪತ್ರೆಯ ತೂಕದ ಯಂತ್ರ ಬೇರೆ ಮಾತು ಹೇಳಿದರೆ, "ಅದರ ಸ್ಪ್ರಿಂಗು ಹೋಗಿದೆ" ಅಂದುಬಿಡುತ್ತಿದ್ದ.

ರಕ್ತಕ್ಕೆ ಸ್ಪ್ರಿಂಗು ಇರಲಿಲ್ಲ. ಸಕ್ಕರೆ ಏರಿತ್ತು. ಮುಂದಿನ ಪರೀಕ್ಷೆಯಲ್ಲೂ ಇಳಿಯದಿದ್ದರೆ ದಿನಾ ಇನ್ಸುಲಿನ್ ಸೂಜಿ ಅಂದರು ಡಾಕ್ಟರಮ್ಮ. ಆಸ್ಪತ್ರೆಯಲ್ಲೇ ಕೂದಲು ನರೆತವನಾದರೂ ಸೂಜಿ ಅಂದರೆ ಅವನ ಕೈಕಾಲು ತಣ್ಣಗಾಗುತ್ತಿತ್ತು.

"ಮಾತ್ರೆ ತಗೊಳ್ಳಿ, ಊಟ ಕಮ್ಮಿ ಮಾಡಿ, ಓಡಾಡಿ," ಅಂದರು ಅವರು. "ಯಾವಾಗ್ಲೂ ಆ ಕತ್ತಲೆ ಕೋಣೇಲೇ ಇರ್ತೀರ. ಬೆಳಗಿನ ಬಿಸಿಲಿಗೂ ಸ್ವಲ್ಪ ಮೈಯೊಡ್ಡಿ. ನಿದ್ದೆ, ಹಸಿವು ಹದಕ್ಕೆ ಬಂದು ತೂಕಕ್ಕೂ ಸಕ್ಕರೆಗೂ ಒಳ್ಳೇದಾಗಬಹುದು ಅಂತಾರೆ. ಆಗಬಹುದು, ಅಷ್ಟೇ. ಆಗೇ ಆಗುತ್ತೆ ಅಂತ ನಾನು ಹೇಳ್ಲಿಲ್ಲ."

ಮಾತ್ರೆ ಬಿಟ್ಟರೆ ಇವುಗಳಲ್ಲಿ ಕೂತಲ್ಲೇ ಮಾಡಬಹುದಾದದ್ದು ಬಿಸಿಲೊಂದೇ. ಅವನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡ.

ಆದರೆ ಆ ಓಣಿಯ ಬಿಸಿಲಿಗೆ ಒಂದು ಕಡೆ ನಿಲ್ಲುವ ಬುದ್ಧಿಯೇ ಇರಲಿಲ್ಲ. ಎರಡೂ ಬದಿಯ ಮಹಡಿಗಳ ನಡುವೆ ಚಾಪೆಯಗಲ ಇಳಿದು, ಬೀಗ ರಿಪೇರಿಯವನ ಮೆಟ್ಟಿಲಿಂದ ಶುರುವಾಗಿ, ಏರು ಹತ್ತಿ ನೀರಿನ ಟ್ಯಾಂಕಿನವರೆಗೆ ಹೋಗುತ್ತಿತ್ತು. ಎಕ್ಸ್‌ರೇ ಅಣ್ಣ ಸ್ಟೂಲು ಎತ್ತಿಕೊಂಡು ಹಿಂದೆಯೇ ಹೋಗುತ್ತಿದ್ದ. ಕೂತು ಬೆನ್ನು ಬೆಚ್ಚಗಾಗುವಷ್ಟರಲ್ಲಿ ಮತ್ತೆ ಏಳಬೇಕು.

"ಏನಪ್ಪಾ, ಬಿಸಿಲು ನಿನ್ನ ಕಂಡ್ರೆ ಓಡ್ಹೋಗುತ್ತಲ್ಲ!" ಅಂದಳು ಎದುರುಮನೆ ಅಜ್ಜಿ.

"ಎಲ್ಲಿಗೆ ಹೋಗುತ್ತೆ ಅಜ್ಜಿ, ನಾನೂ ಬಿಡೋನಲ್ಲ," ಅಂದ, ಏದುಸಿರು ಬಿಡುತ್ತಾ.

ವಾರಗಳು ಕಳೆದವು. ರಾತ್ರಿ ಬೇಗ ನಿದ್ದೆ ಬರತೊಡಗಿತು. ತಟ್ಟೆಯಲ್ಲಿ ಊಟ ಉಳಿಯತೊಡಗಿತು. ಪ್ಯಾಂಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದೇ ಬಿಗಿ, ಅದೇ ಉಸಿರು ಹಿಡಿಯುವುದು. ಪರೀಕ್ಷೆಯ ಹಿಂದಿನ ದಿನ ಅವನು ಸ್ಟೂಲನ್ನು ಮಂಚದ ಕೆಳಗೆ ತಳ್ಳಿದ.

"ನಾನು ನಾಳೆ ಹೋಗಲ್ಲ. ಹೋದ್ರೆ ಸೂಜಿನೇ ಗತಿ. ಬಿಸಿಲೂ ಇಲ್ಲ, ಮಣ್ಣೂ ಇಲ್ಲ, ಎಲ್ಲಾ ಬರೀ ಬುರುಡೆ!"

ಹೆಂಡತಿ ಹೊಲಿಗೆ ಯಂತ್ರದ ಮುಂದಿದ್ದಳು. ಓಣಿಯವರ ಬಟ್ಟೆಯೆಲ್ಲ ಹೊಲಿಯುವವಳು ಅವಳೇ. ಬಟ್ಟೆಯ ರಾಶಿ ಕಿಟಕಿಯನ್ನು ಮುಚ್ಚಿಹಾಕಿ ಹಗಲಲ್ಲೂ ಅವಳಿಗೆ ಟ್ಯೂಬ್‌ಲೈಟೇ ಬೆಳಕು.

"ಸ್ವಲ್ಪ ಇಳಿದಿರಬಹುದು ರೀ," ಅಂದಳು.

"ಎಲ್ಲಿ ಇಳಿದಿದೆ? ನೋಡು ಇಲ್ಲಿ! ಯಂತ್ರ ಸುಳ್ಳು ಹೇಳಬಹುದು, ಡಾಕ್ಟರು ಸುಳ್ಳು ಹೇಳಬಹುದು. ಈ ಮನೇಲಿ ನನಗೆ ಸುಳ್ಳು ಹೇಳದೇ ಇರೋದು ಅಂದ್ರೆ ಈ ಪ್ಯಾಂಟೊಂದೇ!"

ಯಂತ್ರ ನಿಂತಿತು. ಅವಳು ಹಗ್ಗದ ಮೇಲಿದ್ದ ಅವನ ಇನ್ನೊಂದು ಪ್ಯಾಂಟು ತಂದು, ಒಳಮೈ ಹೊರಗೆ ಮಾಡಿ ಅವನ ತೊಡೆಯ ಮೇಲಿಟ್ಟಳು. ಸೊಂಟಪಟ್ಟಿಯ ಹಿಂದೆ ಬಿಚ್ಚಿದ ಹೊಲಿಗೆಯ ತೂತುಗಳು ಸಾಲುಸಾಲಾಗಿದ್ದವು. ಊರವರ ಎಲುಬೆಲ್ಲ ನೋಡಿದವನು ತನ್ನ ಪ್ಯಾಂಟಿನ ಒಳಗನ್ನು ಯಾವತ್ತೂ ನೋಡಿರಲಿಲ್ಲ.

"ಇದೇನೇ ಇದು?"

"ನೀವು ದಪ್ಪ ಆದಾಗೆಲ್ಲ ಬಿಚ್ಚಿ ಅಗಲ ಮಾಡ್ತಿದ್ದೆ. ಹೊಸದು ಹೊಲಿದಾಗ್ಲೂ ಹಳೇ ಅಳತೇನೇ ಅಂತಿದ್ದೆ. ಅಳತೆ ಹೇಳಿದ್ರೆ ನೊಂದ್ಕೊಳ್ತೀರಿ ಅಂತ." ಅವಳು ತಲೆ ಎತ್ತಲಿಲ್ಲ. "ಈಗ ಸಡಿಲ ಆಗ್ತಾ ಬಂತು. ಒಳಗೆ ಹಿಡಿದು ಮತ್ತೆ ಬಿಗಿ ಮಾಡಿದೆ. ಒಮ್ಮೆಲೇ ಸಲೀಸಾದ್ರೆ ಯಾಕೆ ಅಂತ ಒಳಗೆ ನೋಡ್ತೀರಿ, ಹಳೇದೆಲ್ಲ ಗೊತ್ತಾಗಿಬಿಡುತ್ತೆ ಅಂತ ಭಯ ಆಯ್ತು."

ಅವನಿಗೆ ಸಿಟ್ಟು ನೆತ್ತಿಗೇರಿತು. "ಆಗಲೇ ಹೇಳಿದ್ರೆ ನಾನು ಆಗಲೇ ಎಚ್ಚೆತ್ಕೊಳ್ತಿದ್ನಲ್ಲೇ!"

"ಗೊತ್ತು ರೀ. ನಿಮಗೆ ಸಕ್ಕರೆ ಅಂದ ದಿನದಿಂದ ನನಗೆ ಊಟ ಸೇರಿಲ್ಲ. ಈ ಕಾಯಿಲೆ ಹೊಲಿದು ಕೊಟ್ಟೋಳು ನಾನೇ ಅನ್ನಿಸ್ತಿದೆ."

ತಿಂದವನು ತಾನು ಅನ್ನುವುದು ಅವನಿಗೆ ನೆನಪಾಯಿತು. ಪ್ಯಾಂಟನ್ನು ಮಡಿಸಿ ಅವಳ ಕೈಗೆ ಕೊಟ್ಟ. ಅದು ಅವನು ಮಡಿಸಿದ ಮೊದಲ ಪ್ಯಾಂಟು, ಸೊಟ್ಟಗಿತ್ತು.

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಸಕ್ಕರೆ ಇಳಿದಿತ್ತು. ಪೂರ್ತಿ ಅಲ್ಲ, ಆದರೆ ಸೂಜಿ ಸದ್ಯಕ್ಕೆ ಬೇಡ.

"ಬಿಸಿಲಿಂದಾನಾ ಡಾಕ್ಟರಮ್ಮ?"

"ಬಿಸಿಲೋ, ಮಾತ್ರೆಯೋ, ಸ್ಟೂಲು ಹೊತ್ಕೊಂಡು ಏರು ಹತ್ತಿದ್ದೋ, ನನಗೆ ಹೇಗ್ರೀ ಗೊತ್ತಾಗುತ್ತೆ? ಎಲ್ಲಾನೂ ಮಾಡ್ತಾ ಇರಿ."

ಅದರ ಮಾರನೆಯ ಬೆಳಿಗ್ಗೆ ಬೀಗ ರಿಪೇರಿಯವನ ಮೆಟ್ಟಿಲ ಬಳಿ ಎರಡು ಸ್ಟೂಲುಗಳಿದ್ದವು. ಟ್ಯೂಬ್‌ಲೈಟಿನ ಕೆಳಗಿಂದ ಎದ್ದು ಬಂದವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಕೊರಳಿಗೆ ಹಾಕಿಕೊಂಡಿದ್ದ ಟೇಪನ್ನು ಗಂಡನ ಸೊಂಟಕ್ಕೆ ಸುತ್ತಿದಳು. ಅವನು ಅಭ್ಯಾಸಬಲದಿಂದ ಉಸಿರು ಎಳೆದುಕೊಂಡ, ಹಿಡಿದುಕೊಂಡ, ಅಲ್ಲಾಡದೆ ನಿಂತ.

"ಉಸಿರು ಬಿಡ್ರೀ," ಅಂದಳು.

ಎದುರುಮನೆ ಅಜ್ಜಿ ನೋಡುತ್ತಿದ್ದಳು. ಬೀಗದವನೂ ನೋಡುತ್ತಿದ್ದ. ಎಕ್ಸ್‌ರೇ ಅಣ್ಣ ಉಸಿರು ಬಿಟ್ಟ. ಹೊಟ್ಟೆ ತನ್ನ ಜಾಗಕ್ಕೆ ಬಂದು ಕೂತಿತು. ಅವಳು ಟೇಪಿನ ಮೇಲೆ ಬಗ್ಗಿ, ಇದ್ದ ಅಳತೆಯನ್ನು ಇದ್ದ ಹಾಗೆಯೇ, ಓಣಿಗೆಲ್ಲ ಕೇಳುವಂತೆ ಓದಿದಳು.