ತುಳಸಿಯ ಅಡುಗೆಮನೆಯ ಕಡಜಗಳು

ಹಂಪಿಯ ಮಂಟಪದಲ್ಲಿದ್ದ ಗೂಡಿಗೆ ಯಾರೋ ಕಲ್ಲು ಹೊಡೆದಿದ್ದರು. ಸಂಡೂರಿನ ಗೂಡುಗಳಲ್ಲಿ ಕಡಜಗಳೆಲ್ಲ ಆರೋಗ್ಯವಾಗಿದ್ದವು. ನನ್ನ ಸಂಶೋಧನೆಗೆ ಬೇಕಾಗಿದ್ದು ಮೈಯೊಳಗೆ ಇನ್ನೊಂದು ಹುಳ ಹೊಕ್ಕ ಕಡಜ. ಬೇಸಿಗೆಯಿಡೀ ಅಲೆದು ರೋಸಿಹೋದ ಮೇಲೆ ಅದು ಸಿಕ್ಕಿದ್ದು ಪಾಪಿನಾಯಕನಹಳ್ಳಿಯ ಹುಸೇನಮ್ಮನ ಅಡುಗೆಮನೆಯಲ್ಲಿ.

ಕಿಟಕಿಯ ಮೇಲೆ ಬೂದು ಕಾಗದದಂಥ ಗೂಡು. ಉಳಿದವೆಲ್ಲ ಓಡಾಡುತ್ತಿದ್ದರೆ ಒಂದು ಮಾತ್ರ ಅಂಚಿನಲ್ಲಿ, ಮುನಿಸಿಕೊಂಡ ರಾಣಿಯ ಹಾಗೆ ಕೂತಿತ್ತು. ಟಾರ್ಚ್ ಬಿಟ್ಟೆ. ಹೊಟ್ಟೆಯ ಪಟ್ಟೆಗಳ ನಡುವೆ ಎಳ್ಳಿನಷ್ಟು ಕಂದು ಉಬ್ಬು. ಪರಾವಲಂಬಿ! ಅದು ಯಾವ ಜಾತಿಯದೆಂದು ತಿಳಿಯಬೇಕಾದರೆ ಆ ಉಬ್ಬಿನಿಂದ ಗಂಡುಹುಳ ರೆಕ್ಕೆ ಬಿಚ್ಚಿ ಹೊರಬರಬೇಕು. ಬಂದರೂ ಬದುಕುವುದು ಕೆಲವೇ ಗಂಟೆ. ಕಡಜವನ್ನು ಜೀವಂತ ಒಯ್ದು ಕಾಯಬೇಕಿತ್ತು.

"ಮುಟ್ಟಬ್ಯಾಡ ಯವ್ವಾ," ಎಂದಳು ಹುಸೇನಮ್ಮ. "ಮನ್ಯಾಗ ಕಡಜ ಗೂಡು ಕಟ್ಟಿದ್ರ ತೊಟ್ಲು ಕಟ್ತಾರ. ಹೊಗಿ ತಾಗಬಾರದಂತ ಒಲಿ ಸೈತ ಹಿತ್ತಲಕ್ಕ ಹಾಕೀವಿ."

ಹಿತ್ತಲ ಬಾಗಿಲಲ್ಲಿ ಸೊಸೆ ತುಳಸಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಳು.

"ಒಂದ ಹುಳ ಸಾಕ್ರೀ ಅಮ್ಮಾ."

"ಒಂದೂ ಇಲ್ಲ, ಅರ್ಧಾನೂ ಇಲ್ಲ. ನಿಮ್ಮ ಹೊಸಪ್ಯಾಟ್ಯಾಗ ಹುಳಕ್ಕ ಬರ ಬಂದೈತೇನು?"

ಬೇಡಿಕೊಂಡೆ, ಫೋಟೊ ತೋರಿಸಿದೆ, ಮಜ್ಜಿಗೆ ಕುಡಿದು ಮತ್ತೆ ಬೇಡಿಕೊಂಡೆ. ಕೊನೆಗೆ ತಾಳ್ಮೆ ಕೆಟ್ಟಿತು.

"ಅದು ಮಣ್ಣಿನ ಗೂಡಿನ ಮಾತು ರೀ! ತೊಟ್ಲು ತರೋ ಕಡಜದ ಕಥಿ ನಮ್ಮಜ್ಜೀನೂ ಹೇಳ್ತಿದ್ಲು. ಅದು ಮಣ್ಣು ಮೆತ್ತಿ ಕಟ್ಟೋದು. ಇದು ಕಟ್ಟಿಗಿ ಅಗದು ಕಟ್ಟಿದ್ದು, ಜಾತೀನ ಬ್ಯಾರೆ!"

"ಖರೇನಾ ಅಕ್ಕ?" ತುಳಸಿ ಮೊದಲ ಬಾರಿಗೆ ಬಾಯಿಬಿಟ್ಟಳು.

"ಖರೇ."

ಹುಸೇನಮ್ಮ ಗೂಡನ್ನೇ ದಿಟ್ಟಿಸಿದಳು. "ಹೌದಲ್ಲ, ನಮ್ಮವ್ವನೂ ಮಣ್ಣಿನ ಗೂಡು ಅಂತಿದ್ಲು... ಹಂಗಾದ್ರ ಒಯ್ಯಿ."

ಬಲೆ, ಡಬ್ಬಿ ತರಲು ಓಣಿಯ ತುದಿಯಲ್ಲಿದ್ದ ಸ್ಕೂಟಿಗೆ ಓಡಿದೆ. ಮರಳಿದಾಗ ಕಿಟಕಿಯಿಂದ ಹೊಗೆ. ಒಳಗೆ ತುಳಸಿ, ಕೋಲಿಗೆ ಸುತ್ತಿದ ಅರಿವೆಗೆ ಸೀಮೆಎಣ್ಣೆ ಸುರಿದು, ಗೂಡನ್ನು ಸುಡುತ್ತಿದ್ದಳು.

"ಅಯ್ಯೋ, ಒಂದು ನಿಮಿಷ ತಡೀಬಾರದಿತ್ತೇನ!"

"ಮದಿವ್ಯಾದಾಗಿಂದ ತಡದೀನಿ," ಎಂದಳು. "ಈ ದರಿದ್ರದ ಸಲುವಾಗಿ ಬಿಸಿಲಾಗ ರೊಟ್ಟಿ ಸುಟ್ಟೀನಿ. ಕಚ್ಚಿಸ್ಕೊಂಡು ಕೈ ಬಾತರೂ ಸುಮ್ನಿದ್ದೀನಿ. ಇನ್ನೂ ಯಾಕ ತಡೀಲಿ?"

ಮಂಡಿಯೂರಿ ರೆಕ್ಕೆ ಸುಟ್ಟ ಕಡಜಗಳನ್ನು ಒಂದೊಂದಾಗಿ ಹೊರಳಿಸಿ ಆ ಉಬ್ಬನ್ನು ಹುಡುಕಿದೆ. ಎಲ್ಲವೂ ಕರಕಲು, ಎಲ್ಲವೂ ಮುರುಟಿದವು.