ಹೊಸ್ತಿಲಿನ ಸಲಾಂ

ಸಮೋವರ್‌ನಲ್ಲಿ ಚಹಾದ ನೀರು ಕುದಿಯತೊಡಗಿತ್ತು. ಅಂಗಳದಲ್ಲಿ ಕಾರಿನ ಬಾಗಿಲು ಬಡಿದ ಸದ್ದು ಕೇಳಿ ಐಗಾನಿಮ್ ತಲೆಯ ಬಿಳಿ ವಸ್ತ್ರ ಸರಿಪಡಿಸಿಕೊಂಡಳು. ಬೆನ್ನೊಳಗೆ ಸಣ್ಣಗೆ ಜುಮುಜುಮು ಎನ್ನುತ್ತಿತ್ತು. ವರ್ಷಗಟ್ಟಲೆ ನಿದ್ದೆಗೊಡದ ನೋವನ್ನು ಆ ಜುಮುಜುಮು ಈಗ ತಡೆದು ಹಿಡಿದಿತ್ತು. ಸೊಂಟದ ಚರ್ಮದಡಿ ಬೆಂಕಿಪೊಟ್ಟಣದಷ್ಟು ಯಂತ್ರ. ಅಲ್ಲಿಂದ ಬೆನ್ನುಹುರಿಯವರೆಗೆ ದಾರದಂಥ ತಂತಿ. ಗಾಯ ಕೂಡುವ ತನಕ ಬಾಗಕೂಡದು, ತಂತಿ ಜರುಗಿದರೆ ಮತ್ತೆ ಕೊಯ್ಯಬೇಕಾದೀತು ಎಂದು ಅಲ್ಮಾಟಿ ನಗರದ ವೈದ್ಯರು ಎಚ್ಚರಿಸಿದ್ದರು.

ಬಂದವರು ತೀರಿಹೋದ ಮಾವನ ಅಕ್ಕ, ಕುಲ್ಪಾಶ್. ಸೊಸೆಯಾದವಳು ಮೊಣಕಾಲ ಮೇಲೆ ಕೈಯಿಟ್ಟು ಬಾಗಿ ಸಲಾಂ ಮಾಡದೆ ಅವರು ಯಾರ ಹೊಸ್ತಿಲನ್ನೂ ದಾಟಿದವರಲ್ಲ.

"ಒಂದೇ ಒಂದ್ಸಲ ಬಗ್ಗಿಬಿಡೇ," ಗಂಡ ಮಾರ್ಗುಲಾನ್ ಪಿಸುಗುಟ್ಟಿದ. "ಇಲ್ಲಾಂದ್ರೆ ಊರೆಲ್ಲಾ ಸಾರ್ತಾರೆ."

"ತಂತಿ ಜರುಗಿದ್ರೆ?"

ಅವನು ತಾಯಿಯತ್ತ ನೋಡಿದ. ಝಮಾಲ್ ಎಣ್ಣೆಯಲ್ಲಿ ಕರಿದ ಬೌರ್ಸಾಕ್‌ಗಳ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಯಂತ್ರದ ಮಾತು ಹೊರಬೀಳಕೂಡದೆಂದು ಕಟ್ಟುಮಾಡಿದವಳೇ ಅವಳು. ರೋಗದ ಮನೆಯೆಂದು ಹೆಸರಾದರೆ ತನ್ನ ಮಗಳನ್ನು ಯಾರು ಮದುವೆಯಾಗುತ್ತಾರೆ ಎಂಬ ಭಯ ಅವಳದು.

ಕುಲ್ಪಾಶ್ ಬಾಗಿಲಲ್ಲಿ ನಿಂತರು. ಐಗಾನಿಮ್ ಎದೆಯ ಮೇಲೆ ಕೈಯಿಟ್ಟು ಕಣ್ಣು ತಗ್ಗಿಸಿದಳು, ಅಷ್ಟೆ.

"ಇದೇನಮ್ಮ, ಗೂಟ ನುಂಗಿದ್ದೀಯಾ?" ಎಂದರು ಕುಲ್ಪಾಶ್. "ಝಮಾಲ್, ನಿನ್ನ ಸೊಸೆ ಸೊಂಟಾನ ಅಲ್ಮಾಟೀಲೇ ಬಿಟ್ಟು ಬಂದಳೇನೇ?"

ಜೊತೆಗೆ ಬಂದ ಹೆಂಗಸರು ನಕ್ಕರು.

"ನೋವಿದೆ, ಅಜ್ಜಿ."

"ನೋವಾ? ಕೆನ್ನೆ ನೋಡಿದ್ರೆ ಸೇಬಿನ ಹಾಗಿದೆ! ಹೆತ್ತ ಮೂರನೇ ದಿನ ಬಗ್ಗಿ ನೀರು ಹೊತ್ತವಳು ನಾನು. ಇಲ್ಲೇ ನಿಂತಿರ್ತೀನಿ. ಸಲಾಂ ಇಲ್ಲದ ಮನೆ ಚಹಾ ನನಗೆ ಬೇಡ."

ಮಾರ್ಗುಲಾನ್ ಗೋಡೆ ನೋಡುತ್ತಿದ್ದ. ಐಗಾನಿಮಳ ಕೈ ಮೆಲ್ಲಗೆ ಮೊಣಕಾಲಿನತ್ತ ಇಳಿಯಿತು. ಬೆನ್ನಿನ ಹೊಲಿಗೆ ಚುರುಕ್ಕೆಂದಿತು.

ಅಡ್ಡಲಾಗಿ ಒಂದು ತೋಳು ಬಂದು ಅವಳನ್ನು ತಡೆಯಿತು. ಝಮಾಲ್ ಅವಳ ಮುಂದೆ ಬಂದು ನಿಂತಳು. ಮೊಣಕಾಲ ಮೇಲೆ ಕೈಯಿಟ್ಟು, ಹೊಸ ಮದುವಣಗಿತ್ತಿಯಂತೆ, ತಾನೇ ಬಾಗಿದಳು.

"ಈ ಮನೆ ಸಲಾಂ ತಗೊಳ್ಳಿ, ಅಕ್ಕ. ಇವಳ ಬೆನ್ನೊಳಗೆ ನೋವಿಗೆ ಯಂತ್ರ ಇಟ್ಟಿದಾರೆ. ಬಗ್ಗಿದ್ರೆ ಕೆಡುತ್ತೆ. ಯಾರಿಗೂ ಹೇಳ್ಬೇಡ ಅಂದಿದ್ದು ನಾನೇ."

ಝಮಾಲ್ ಏಳಲಾರದೆ ಬಾಗಿಲ ಚೌಕಟ್ಟು ಹಿಡಿದಳು. ಮಾರ್ಗುಲಾನ್ ಓಡಿಬಂದು ತಾಯಿಯನ್ನು ಎತ್ತಿದ.

ಕುಲ್ಪಾಶ್ ಬಹಳ ಹೊತ್ತು ಐಗಾನಿಮಳ ಸೊಂಟವನ್ನೇ ನೋಡಿದರು. ಆಮೇಲೆ ಗೋಡೆಗೆ ಕೈಕೊಟ್ಟು, ಹಲ್ಲು ಕಚ್ಚಿ, ಒಂದೊಂದಾಗಿ ಬೂಟು ಕಳಚಿ ಒಳಗೆ ಬಂದರು. ಉಳಿದವರು ಕೂರುವವರೆಗೂ ಕಾದು, ಐಗಾನಿಮಳ ಕಿವಿಯ ಬಳಿ, ಬಾಗದೆಯೇ, ತಮ್ಮ ಸೊಂಟ ಹಿಡಿದುಕೊಂಡು ಕೇಳಿದರು:

"ಅದನ್ನ... ನನ್ನಂಥ ಮುದುಕೀರಿಗೂ ಇಡ್ತಾರೇನಮ್ಮ?"